ಪ್ರೀತಿಸಿದ್ದಕ್ಕೆ ನಾಟಕವನ್ನೂ ಬಿಟ್ಟುಕೊಡಬೇಕಾ?

ಜಾತ್ರೆ ನಾಟಕದ ಕರಪತ್ರ ಕೈಗೆ ಬಂದರೆ ಒಮ್ಮೆ ಪೂರ್ತಿ ಓದಿ ನೋಡಿ. ದಿವ್ಯ ಸಾನಿಧ್ಯ ವಹಿಸುವ ಸ್ವಾಮಿಗಳು, ಉದ್ಘಾಟನೆ ಮಾಡುವ ಶಾಸಕರು, ಜ್ಯೋತಿ ಬೆಳಗಿಸುವ ಗುತ್ತಿಗೆದಾರರು, ಪಂಚಾಯ್ತಿಯ ಹಾಲಿ ಮಾಜಿ ಸದಸ್ಯರು, ಎಲ್ಲರೂ ಇರುತ್ತಾರೆ. ಸೀನರಿ ಯಾರದು, ಮೈಕ್ ಯಾರದು, ಹಾರ್ಮೋನಿಯಂ ಯಾರು, ತಬಲಾ ಯಾರು, ಊಟದ ಖರ್ಚು ಯಾರದು ಅನ್ನುವುದೂ ಇರುತ್ತದೆ. ನಾಟಕ ಬರೆದವರು ಯಾರು? ಕೆಲವು ಕರಪತ್ರದಲ್ಲಿ ಅದು ಮೂಲೆಯಲ್ಲಿ ಕಣ್ಣಿಗೆ ಬೀಳದಷ್ಟು ಸಣ್ಣ ಅಕ್ಷರದಲ್ಲಿ ಇರುತ್ತದೆ. ಕೆಲವದರಲ್ಲಿ ಇರುವುದೇ ಇಲ್ಲ.

ಬರೆದವರು ಗಂಡಸಾದರೂ ಕಥೆ ಇದೇ. ಬರೆದವಳು ಹೆಂಗಸಾಗಿದ್ದು, ತಂಡ ನಡೆಸುವವನ ಹೆಂಡತಿಯೋ ಪ್ರೀತಿಸಿದವಳೋ ಆಗಿದ್ದರೆ, ಹೆಸರು ಬಿಟ್ಟುಹೋಗಿದೆ ಎಂದು ಕೇಳುವವರೂ ಇರುವುದಿಲ್ಲ. "ಅವರಿಬ್ಬರೂ ಒಂದೇ ಅಲ್ವಾ, ಯಾರ ಹೆಸರಿದ್ರೇನು?" ಅನ್ನುತ್ತಾರೆ. ನಾವು ಇವತ್ತು ಜಗಳಕ್ಕೆ ನಿಂತಿರುವುದು ಈ ಒಂದು ಮಾತಿನ ಮೇಲೆ. ಇಬ್ಬರೂ ಒಂದೇ ಆಗಿದ್ದರೆ, ಬಿಟ್ಟುಹೋಗುವ ಹೆಸರು ಪ್ರತಿ ಸಲ ಆಕೆಯದೇ ಯಾಕೆ?

ಈ ಮಾತು ನಮ್ಮ ಹಳ್ಳಿಗಳಲ್ಲೇ ಹುಟ್ಟಿದ್ದಲ್ಲ. ಜಗತ್ತಿನ ದೊಡ್ಡ ದೊಡ್ಡ ರಂಗಭೂಮಿಗಳಲ್ಲೂ ಇದೇ ಮಾತು ನಡೆದಿದೆ. ಅದಕ್ಕೆ ಸಾಕ್ಷಿಯಾಗಿ ನಾವು ಜರ್ಮನಿಯ ಬರ್ಲಿನ್ ನಗರದ ಒಂದು ಸಂಗತಿ ಹೇಳುತ್ತೇವೆ. ಅಷ್ಟು ದೂರದ್ದು ನಮಗ್ಯಾಕೆ ಅನ್ನಬೇಡಿ. ಆ ನಾಟಕಕಾರ ನಮಗೆ ಪರಕೀಯನಲ್ಲ. ಅವನ ಹೆಸರು ಬರ್ಟೋಲ್ಟ್ ಬ್ರೆಕ್ಟ್. ಅವನ ನಾಟಕ 'ಸೆಜುವಾನ್ ನಗರದ ಸಾಧ್ವಿ' ಎಂದು ಕನ್ನಡಕ್ಕೆ ಬಂದಿದೆ. ಪಕ್ಕದ ಮಹಾರಾಷ್ಟ್ರದಲ್ಲಿ ಪು.ಲ. ದೇಶಪಾಂಡೆಯವರು ಅವನ 'ತ್ರೀ ಪೆನ್ನಿ ಒಪೇರಾ'ವನ್ನು 1978ರಲ್ಲಿ 'ತೀನ್ ಪೈಶಾಚಾ ತಮಾಶಾ' ಎಂದು ಮರಾಠಿಗೆ ತಂದರು. ನಾಟಕ ಕಲಿಯುವ ಹುಡುಗರು ಯಾವ ಶಾಲೆಗೆ ಹೋದರೂ ಬ್ರೆಕ್ಟ್ ಪಾಠ ಇದ್ದೇ ಇರುತ್ತದೆ. ಬಡವರ ಪರ, ದುಡಿಯುವವರ ಪರ ಬರೆದವನು ಎಂದು ಹೇಳಿಕೊಡುತ್ತಾರೆ. ಅದು ಸುಳ್ಳಲ್ಲ. ಆದರೆ ಅವನ ಮನೆಯಲ್ಲೇ ದುಡಿದವರ ಲೆಕ್ಕ ಏನಾಯಿತು ಎಂದು ಪಾಠದಲ್ಲಿ ಬರುವುದು ಕಡಿಮೆ.

ಎಲಿಜಬೆತ್ ಎಂಬಾಕೆ

ಎಲಿಜಬೆತ್ ಹೌಪ್ಟ್‌ಮನ್ ಹುಟ್ಟಿದ್ದು 1897ರಲ್ಲಿ. ಪಾಠ ಹೇಳಿ ಜೀವನ ಮಾಡುತ್ತಿದ್ದ ಆಕೆ ಬರವಣಿಗೆಯ ಆಸೆ ಇಟ್ಟುಕೊಂಡು ಬರ್ಲಿನ್‌ಗೆ ಬಂದಳು. ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. 1924ರ ಕೊನೆಗೆ ಬ್ರೆಕ್ಟ್ ಪರಿಚಯವಾಯಿತು. ಮುಂದೆ ಅವನ ಜೊತೆ ಕೆಲಸ, ಅವನ ಜೊತೆ ಪ್ರೀತಿ, ಎರಡೂ ಒಟ್ಟಿಗೇ ನಡೆದವು. ಪ್ರಕಾಶಕರು ಆಕೆಗೆ ಸಂಬಳ ಕೊಟ್ಟು ಬ್ರೆಕ್ಟ್‌ನ ಬರಹ ತಿದ್ದುವ, ಜೋಡಿಸುವ ಕೆಲಸಕ್ಕೆ ಇಟ್ಟುಕೊಂಡರು. ಆಕೆ ಬರೀ ಟೈಪ್ ಮಾಡಿಕೊಡುತ್ತಿದ್ದವಳಲ್ಲ. ಕಥೆ ಹುಡುಕಿ ತರುತ್ತಿದ್ದಳು, ಅನುವಾದ ಮಾಡುತ್ತಿದ್ದಳು, ಸ್ವಂತ ಕಥೆಗಳನ್ನೂ ಬರೆಯುತ್ತಿದ್ದಳು.

ಇಂಗ್ಲೆಂಡಿನ ಜಾನ್ ಗೇ ಎಂಬುವವರು 1728ರಲ್ಲಿ 'ಬೆಗ್ಗರ್ಸ್ ಒಪೇರಾ' ಎಂಬ ಸಂಗೀತ ನಾಟಕ ಬರೆದಿದ್ದರು. ಕಳ್ಳರು, ಭಿಕ್ಷುಕರು, ಲಂಚಕೋರ ಅಧಿಕಾರಿಗಳ ಕಥೆ. ಹೆಚ್ಚುಕಡಿಮೆ ಇನ್ನೂರು ವರ್ಷದ ನಂತರ ಲಂಡನ್‌ನಲ್ಲಿ ಅದನ್ನು ಮತ್ತೆ ಆಡಿದಾಗ ಜನ ಮುಗಿಬಿದ್ದಿದ್ದರು. ಆ ಸುದ್ದಿ ಹಿಡಿದು ನಾಟಕವನ್ನು ತರಿಸಿ ಜರ್ಮನ್ ಭಾಷೆಗೆ ತಂದವಳು ಎಲಿಜಬೆತ್. ಬ್ರೆಕ್ಟ್ ಆ ಅನುವಾದವನ್ನು ಎದುರಿಗಿಟ್ಟುಕೊಂಡು ತಿದ್ದಿದ, ಹಾಡು ಸೇರಿಸಿದ, ತನ್ನ ಮೊನಚು ಕೊಟ್ಟ. ಕುರ್ಟ್ ವೈಲ್ ಸಂಗೀತ ಮಾಡಿದರು. 1928ರ ಆಗಸ್ಟ್ 31ರಂದು ಬರ್ಲಿನ್‌ನಲ್ಲಿ ಮೊದಲ ಪ್ರದರ್ಶನ ಆಯಿತು. ಅದೇ 'ತ್ರೀ ಪೆನ್ನಿ ಒಪೇರಾ'. ನಾಟಕ ಊರೆಲ್ಲ ಗೆದ್ದಿತು, ದೇಶ ದಾಟಿ ಹೋಯಿತು, ಬ್ರೆಕ್ಟ್ ದುಡ್ಡು ಕಂಡ.

ದುಡ್ಡಿನ ಲೆಕ್ಕ ಕೇಳಿ. ನೂರು ರೂಪಾಯಿ ಬಂದರೆ ಬ್ರೆಕ್ಟ್‌ಗೆ 62 ರೂಪಾಯಿ 50 ಪೈಸೆ, ವೈಲ್‌ಗೆ 25 ರೂಪಾಯಿ, ಎಲಿಜಬೆತ್‌ಗೆ 12 ರೂಪಾಯಿ 50 ಪೈಸೆ. ಒಪ್ಪಂದ ಆಗಿದ್ದು ಹೀಗೆ. ಮೊದಲ ಪ್ರದರ್ಶನದ ಕರಪತ್ರದಲ್ಲಿ 'ಅನುವಾದ' ಎಂದು ಆಕೆಯ ಹೆಸರು ಇತ್ತು ಎನ್ನುವುದನ್ನೂ ಹೇಳಿಬಿಡುತ್ತೇವೆ, ನ್ಯಾಯವಾಗಿ ಮಾತಾಡಬೇಕಲ್ಲ. ಆದರೆ ವರ್ಷ ಕಳೆದಂತೆ ಜನರ ಬಾಯಲ್ಲಿ ಉಳಿದದ್ದು ಎರಡೇ ಹೆಸರು, ಬ್ರೆಕ್ಟ್ ಮತ್ತು ವೈಲ್. ಕಥೆಯನ್ನು ಹುಡುಕಿ, ಅನುವಾದ ಮಾಡಿ, ಇವರ ಮುಂದೆ ಇಟ್ಟವಳು ಸಣ್ಣ ಅಕ್ಷರಕ್ಕೆ ಇಳಿದಳು.

ಗೆದ್ದರೆ ಅವನದು, ಬಿದ್ದರೆ ಆಕೆಯದು

ಮಾರನೇ ವರ್ಷ, 1929ರಲ್ಲಿ, ಎರಡು ಸಂಗತಿ ನಡೆದವು. ಏಪ್ರಿಲ್‌ನಲ್ಲಿ ಬ್ರೆಕ್ಟ್ ನಟಿ ಹೆಲೆನ್ ವೈಗೆಲ್‌ರನ್ನು ಮದುವೆಯಾದ. ಎಲಿಜಬೆತ್ ಜೊತೆಗಿನ ಕೆಲಸ ಮಾತ್ರ ನಿಲ್ಲಲಿಲ್ಲ. ಸೆಪ್ಟೆಂಬರ್‌ನಲ್ಲಿ ಅದೇ ರಂಗಮಂದಿರದಲ್ಲಿ 'ಹ್ಯಾಪಿ ಎಂಡ್' ಎಂಬ ಹೊಸ ನಾಟಕ ಬಂತು. ಇದರ ಕಥೆ ಬರೆದವಳು ಎಲಿಜಬೆತ್. ಆದರೆ ಮೂಲ ಕಥೆ ಡೊರೊತಿ ಲೇನ್ ಎಂಬ ಅಮೆರಿಕದ ಲೇಖಕಿಯದು ಎಂದು ಹಾಕಿದರು. ಅಂಥ ಲೇಖಕಿ ಭೂಮಿ ಮೇಲೆ ಇರಲೇ ಇಲ್ಲ. ಅದು ಎಲಿಜಬೆತ್‌ಳ ಸುಳ್ಳು ಹೆಸರು. ಆಕೆಯ ನಿಜವಾದ ಹೆಸರಿಗೆ ಸಿಕ್ಕಿದ್ದು ಮತ್ತೆ 'ಜರ್ಮನ್ ರೂಪಾಂತರ' ಎಂಬ ಜಾಗ. ನಾಟಕ ಬಿತ್ತು. ಬಿದ್ದ ಮೇಲೆ ಬ್ರೆಕ್ಟ್ ಹಾಡುಗಳನ್ನು ತನ್ನದೆಂದು ಇಟ್ಟುಕೊಂಡ, ನಾಟಕ ತನ್ನದಲ್ಲ ಎಂದು ದೂರ ನಿಂತ.

ಗಮನಿಸಿ. ಎರಡು ನಾಟಕದ ಹಿಂದೆಯೂ ಅದೇ ಹೆಂಗಸಿನ ದುಡಿಮೆ ಇತ್ತು. ಗೆದ್ದ ನಾಟಕಕ್ಕೆ ಅವನ ಹೆಸರು ಬಂತು. ಬಿದ್ದ ನಾಟಕಕ್ಕೆ ಇಲ್ಲದ ಹೆಂಗಸಿನ ಹೆಸರು ಬಂತು. ಹೊಲದಲ್ಲಿ ಬೆಳೆ ಬಂದ ವರ್ಷ ಫಸಲು ಧಣಿಯದು, ಬರ ಬಿದ್ದ ವರ್ಷ ಸಾಲ ಗೇಣಿಯವನದು ಎಂದ ಹಾಗಾಯಿತು.

ಮೂರನೆಯ ಸಂಗತಿಯೂ ಇದೆ. ಅದೇ 1929ರಲ್ಲಿ ಆಲ್ಫ್ರೆಡ್ ಕೆರ್ ಎಂಬ ವಿಮರ್ಶಕರು, ಬ್ರೆಕ್ಟ್‌ನ ಹಾಡುಗಳ ಕೆಲವು ಸಾಲು ಬೇರೆಯವರ ಅನುವಾದದಿಂದ ಎತ್ತಿದ್ದು ಎಂದು ಪತ್ರಿಕೆಯಲ್ಲಿ ಬಯಲು ಮಾಡಿದರು. ಫ್ರೆಂಚ್ ಕವಿ ವಿಯೋನ್‌ನ ಪದ್ಯಗಳನ್ನು ಅಮ್ಮರ್ ಎಂಬುವವರು ಜರ್ಮನ್‌ಗೆ ತಂದಿದ್ದರು, ಅದರಿಂದ ತೆಗೆದಿದ್ದ. ಬ್ರೆಕ್ಟ್ ಅಲ್ಲಗಳೆಯಲಿಲ್ಲ. ಬರಹದ ಒಡೆತನದ ವಿಷಯದಲ್ಲಿ ತಾನು ಮೊದಲಿನಿಂದಲೂ ಸಡಿಲ ಎಂಬ ಅರ್ಥದ ಉತ್ತರ ಕೊಟ್ಟ. ಬಹಳ ಜನ ಇದನ್ನು ಚಮತ್ಕಾರದ ಮಾತೆಂದು ಮೆಚ್ಚಿದರು. ಖಾಸಗಿ ಆಸ್ತಿಯನ್ನೇ ಒಪ್ಪದವನು ಪದ್ಯಕ್ಕೆ ಬೇಲಿ ಹಾಕುತ್ತಾನೆಯೇ ಎಂದರು.

ಸರಿ, ಒಪ್ಪೋಣ. ಹಾಗಾದರೆ ಮಾರನೇ ವರ್ಷ, 1930ರಲ್ಲಿ, ಇದೇ ನಾಟಕವನ್ನು ಸಿನಿಮಾ ಮಾಡುತ್ತಿದ್ದ ಕಂಪನಿ ತನ್ನ ಮಾತು ಕೇಳುತ್ತಿಲ್ಲ, ತನ್ನ ಕೃತಿ ಕೆಡಿಸುತ್ತಿದೆ ಎಂದು ಕೋರ್ಟಿಗೆ ಹೋದವನು ಯಾರು? ಇದೇ ಬ್ರೆಕ್ಟ್. ಬೇರೆಯವರ ಹೊಲಕ್ಕೆ ಬೇಲಿ ಬೇಡ, ತನ್ನ ಹೊಲಕ್ಕೆ ಮಾತ್ರ ಮುಳ್ಳುತಂತಿ. ಸಿದ್ಧಾಂತ ಎಂದರೆ ಇಬ್ಬರಿಗೂ ಒಂದೇ ಇರಬೇಕು. ತನಗೊಂದು, ಪ್ರೀತಿಸಿದವಳಿಗೊಂದು ಎಂದರೆ ಅದಕ್ಕೆ ಹಳ್ಳಿ ಭಾಷೆಯಲ್ಲಿ ಬೇರೆ ಹೆಸರಿದೆ.

ಅವರು ಹೇಳುವ ನಾಲ್ಕು ಸಮಜಾಯಿಷಿ

ಈ ವಿಷಯ ಎತ್ತಿದರೆ ರಂಗಭೂಮಿಯವರು ನಾಲ್ಕು ಮಾತು ಹೇಳುತ್ತಾರೆ. ಒಂದೊಂದಾಗಿ ನೋಡೋಣ.

ಮೊದಲನೆಯದು, "ನಾಟಕ ಅಂದ್ರೆ ಹತ್ತು ಜನರ ಕೆಲಸ, ಒಬ್ಬರದ್ದು ಅಂತ ಇರಲ್ಲ." ನಾವೂ ಅದನ್ನೇ ಹೇಳುತ್ತಿರುವುದು. ಹತ್ತು ಜನರ ಕೆಲಸ ಆದರೆ ಹತ್ತು ಹೆಸರು ಹಾಕಿ. ಕೆಲಸ ಮಾಡುವಾಗ ಹತ್ತು ಜನ, ಪುಸ್ತಕದ ಮುಖಪುಟಕ್ಕೆ ಬಂದಾಗ ಒಬ್ಬನೇ ಆಗುವುದು ಹೇಗೆ? ಮುಯ್ಯಾಳು ಪದ್ಧತಿಯಲ್ಲೂ ಇವತ್ತು ನೀನು ನನ್ನ ಹೊಲಕ್ಕೆ ಬಂದರೆ ನಾಳೆ ನಾನು ನಿನ್ನ ಹೊಲಕ್ಕೆ ಬರುತ್ತೇನೆ. ಇಲ್ಲಿ ಎಲ್ಲರೂ ಒಬ್ಬನ ಹೊಲಕ್ಕೇ ಹೋದರು.

ಎರಡನೆಯದು, "ಸಂಬಳ ಕೊಟ್ಟಿದ್ರಲ್ಲ." ಕೊಟ್ಟಿದ್ದರು. ಸಂಬಳಕ್ಕೆ ಕೆಲಸ ಸಿಗುತ್ತದೆ. ಬರೆದವರು ಯಾರು ಎನ್ನುವ ಸತ್ಯ ಸಂಬಳಕ್ಕೆ ಬದಲಾಗುವುದಿಲ್ಲ. ಗಾರೆ ಮೇಸ್ತ್ರಿಗೆ ಕೂಲಿ ಕೊಟ್ಟರೆ ಮನೆ ನಮ್ಮದಾಗುತ್ತದೆ, ನಿಜ. ಆದರೆ ಗೋಡೆ ನಾನೇ ಕಟ್ಟಿದೆ ಎಂದು ಹೇಳಿಕೊಂಡು ತಿರುಗಿದರೆ ಊರು ನಗುತ್ತದೆ.

ಮೂರನೆಯದು, "ಆಕೆಯೇ ತಕರಾರು ಮಾಡಲಿಲ್ಲ, ನಿಮಗ್ಯಾಕೆ?" ಎಲ್ಲಕ್ಕಿಂತ ಹೆಚ್ಚು ಬಳಸುವ ಮಾತು ಇದು, ಎಲ್ಲಕ್ಕಿಂತ ಕೆಟ್ಟ ಮಾತೂ ಇದೇ. ಎಲಿಜಬೆತ್ ಬೀದಿಗೆ ಬಂದು ಜಗಳ ಆಡಲಿಲ್ಲ, ನಿಜ. 1933ರಲ್ಲಿ ಹಿಟ್ಲರ್ ಬಂದಾಗ ಬ್ರೆಕ್ಟ್ ದೇಶ ಬಿಟ್ಟ. ಆಕೆ ಹಿಂದೆ ಉಳಿದು ಅವನ ಹಸ್ತಪ್ರತಿಗಳನ್ನು ಕಾಪಾಡಲು ಓಡಾಡಿದಳು, ಪೊಲೀಸರ ಕೈಗೂ ಸಿಕ್ಕಿ ವಿಚಾರಣೆ ಎದುರಿಸಿದಳು. ಆಮೇಲೆ ಅಮೆರಿಕಕ್ಕೆ ಹೋಗಿ ಮತ್ತೆ ಪಾಠ ಹೇಳಿ ಬದುಕಿದಳು. ಯುದ್ಧ ಮುಗಿದ ಮೇಲೆ ಬರ್ಲಿನ್‌ಗೆ ವಾಪಸ್ ಬಂದು ಬ್ರೆಕ್ಟ್‌ನ ರಂಗತಂಡದಲ್ಲೇ ದುಡಿದಳು. 1956ರಲ್ಲಿ ಅವನು ತೀರಿಕೊಂಡ ಮೇಲೆ ಅವನ ಸಮಗ್ರ ಕೃತಿಗಳನ್ನು ಸಂಪಾದಿಸಿ ಜಗತ್ತಿಗೆ ಕೊಟ್ಟವಳೂ ಆಕೆಯೇ. ತನ್ನ ಬೆವರಿದ್ದ ಪುಟಗಳನ್ನು ಬೇರೊಬ್ಬನ ಹೆಸರಿನಡಿ ಒಪ್ಪವಾಗಿ ಜೋಡಿಸಿಟ್ಟಳು. 1973ರಲ್ಲಿ ತೀರಿಕೊಂಡಳು. ಆಕೆಯ ಸ್ವಂತ ಬರಹಗಳ ಸಂಕಲನ ಬಂದದ್ದು 1977ರಲ್ಲಿ, ಆಕೆ ಸತ್ತು ನಾಲ್ಕು ವರ್ಷದ ಮೇಲೆ. ಇಷ್ಟು ಮಾಡಿದವಳು ಸುಮ್ಮನಿದ್ದಳು ಎಂದರೆ ಅದು ಆಕೆಯ ದೊಡ್ಡತನ. ಅದನ್ನು ಕ್ರಯಪತ್ರ ಎಂದು ಓದಬೇಡಿ. ಪಾಲು ಕೇಳದ ಅಕ್ಕತಂಗಿಯರ ಮೌನವನ್ನು ಒಪ್ಪಿಗೆ ಎಂದು ಬರೆಸಿಕೊಂಡ ಎಷ್ಟೋ ಮನೆಗಳನ್ನು ನಾವು ನೀವು ನೋಡಿದ್ದೇವೆ.

ನಾಲ್ಕನೆಯದು, "ಬ್ರೆಕ್ಟ್ ಇಲ್ಲದಿದ್ರೆ ಆ ನಾಟಕ ಇರ್ತಿತ್ತಾ?" ಇರುತ್ತಿರಲಿಲ್ಲ. ಹಾಡುಗಳ ಕಸುವು, ವ್ಯಂಗ್ಯದ ಏಟು, ರಂಗದ ಮೇಲೆ ಹೊಸ ರೀತಿಯಲ್ಲಿ ಕಥೆ ಹೇಳುವ ಬಗೆ, ಇದರಲ್ಲಿ ಅವನ ಕೈ ದೊಡ್ಡದು. ಅದನ್ನು ನಾವು ಕಿತ್ತುಕೊಳ್ಳುತ್ತಿಲ್ಲ. 1994ರಲ್ಲಿ ಜಾನ್ ಫ್ಯೂಗಿ ಎಂಬ ವಿದ್ವಾಂಸರು 'ತ್ರೀ ಪೆನ್ನಿ ಒಪೇರಾ'ದ ಶೇಕಡಾ 80ರಷ್ಟು ಎಲಿಜಬೆತ್ ಬರೆದದ್ದು ಎಂದು ವಾದ ಮಾಡಿದರು. ಬೇರೆ ವಿದ್ವಾಂಸರು ಆ ಪುಸ್ತಕದಲ್ಲಿ ತಪ್ಪುಗಳ ಪಟ್ಟಿಯನ್ನೇ ಮಾಡಿದರು. ಆ ಜಗಳ ಅವರಿಗಿರಲಿ. ನಮಗೆ ಶೇಕಡಾ ಎಷ್ಟು ಅನ್ನುವುದು ಬೇಡ. ಶೇಕಡಾ 80 ಇದ್ದರೂ ಹೆಸರು ಬೇಕು, 20 ಇದ್ದರೂ ಹೆಸರು ಬೇಕು. ತೂಕ ಹಾಕಿ ಮುಗಿಯುವವರೆಗೆ ಹೆಸರು ಹಾಕುವುದಿಲ್ಲ ಎನ್ನುವುದು ಎಂದಿಗೂ ಹಾಕದಿರುವ ಉಪಾಯ.

ಆಕೆ ಒಬ್ಬಳೇ ಅಲ್ಲ

ಎಲಿಜಬೆತ್ ಒಬ್ಬಳ ವಿಷಯವಾಗಿದ್ದರೆ ಅವರಿಬ್ಬರ ಖಾಸಗಿ ಸಂಗತಿ ಎಂದು ಬಿಡಬಹುದಿತ್ತು. ಆಕೆಯ ನಂತರ ಮಾರ್ಗರೆಟ್ ಸ್ಟೆಫಿನ್ ಬಂದಳು. ಬರ್ಲಿನ್‌ನ ಕೂಲಿಕಾರರ ಮನೆ ಮಗಳು, ನಟಿ, ಭಾಷೆಗಳನ್ನು ತಾನೇ ಕಲಿತವಳು, ಕ್ಷಯ ರೋಗಿ. ಬ್ರೆಕ್ಟ್ ದೇಶಾಂತರ ಅಲೆಯುವಾಗ ಜೊತೆಗಿದ್ದು ಬರೆದಳು, ತಿದ್ದಿದಳು. 1941ರ ಜೂನ್‌ನಲ್ಲಿ ಮಾಸ್ಕೋದ ಆಸ್ಪತ್ರೆಯಲ್ಲಿ ತೀರಿಕೊಂಡಳು. ಆಗ ಆಕೆಗೆ 33 ವರ್ಷ. ಅಷ್ಟರಲ್ಲಿ ಬ್ರೆಕ್ಟ್ ಸಂಸಾರ ಸಮೇತ ಅಮೆರಿಕದ ಹಡಗು ಹಿಡಿಯಲು ರೈಲು ಹತ್ತಿ ಹೊರಟಾಗಿತ್ತು. ಅದೇ ರೈಲಿನಲ್ಲಿದ್ದ ಇನ್ನೊಬ್ಬಾಕೆ ಡೆನ್ಮಾರ್ಕಿನ ರುತ್ ಬೆರ್ಲೌ, ಆಕೆಯೂ ರಂಗಭೂಮಿಯವಳು, ಆಕೆಯೂ ಅವನನ್ನು ಪ್ರೀತಿಸಿದವಳು.

ನಮ್ಮಲ್ಲಿ ಆಡುವ 'ಸೆಜುವಾನ್ ನಗರದ ಸಾಧ್ವಿ'ಯ ಜರ್ಮನ್ ಮೂಲದಲ್ಲಿ 'ಸಹಕಾರ' ಎಂದು ರುತ್ ಬೆರ್ಲೌ, ಮಾರ್ಗರೆಟ್ ಸ್ಟೆಫಿನ್ ಎಂಬ ಎರಡು ಹೆಸರು ಇವೆ. ಬ್ರೆಕ್ಟ್ ಅಷ್ಟಾದರೂ ಹಾಕಿದ್ದ. ಆ ನಾಟಕ ನೋಡಿದವರು ಯೋಚಿಸಿ, ಆ ಎರಡು ಹೆಸರನ್ನು ಯಾವತ್ತಾದರೂ ಕೇಳಿದ್ದೀರಾ? ಒಳ್ಳೆಯತನದಿಂದ ಬದುಕಲು ಹೊರಟ ಹೆಂಗಸನ್ನು ಎಲ್ಲರೂ ಸೇರಿ ಹಿಂಡುವ ಕಥೆ ಅದು. ಆ ಕಥೆಗೆ ನೆರವಾದ ಇಬ್ಬರು ಹೆಂಗಸರು ದಾರಿಯಲ್ಲೇ ಎಲ್ಲೋ ಉದುರಿಹೋದರು.

ನಮ್ಮ ಊರಿಗೆ ಇದರಿಂದ ಏನು?

ಹಾಗೆಂದು ಬ್ರೆಕ್ಟ್ ನಾಟಕ ಆಡಬೇಡಿ, ಪುಸ್ತಕ ಸುಡಿ ಎನ್ನುವ ಗುಂಪು ನಮ್ಮದಲ್ಲ. ಆಡಿ, ನೂರು ಸಲ ಆಡಿ. ಆಡುವಾಗ 'ತ್ರೀ ಪೆನ್ನಿ ಒಪೇರಾ' ಆದರೆ ಎಲಿಜಬೆತ್ ಹೌಪ್ಟ್‌ಮನ್ ಹೆಸರನ್ನು ಬ್ರೆಕ್ಟ್ ಪಕ್ಕದಲ್ಲಿ, ಅದೇ ಅಳತೆಯ ಅಕ್ಷರದಲ್ಲಿ ಹಾಕಿ. ಒಂದು ಸಾಲು ಜಾಸ್ತಿ ಆದರೆ ಪ್ರೆಸ್‌ನವರು ಹೆಚ್ಚಿಗೆ ದುಡ್ಡು ಕೇಳುವುದಿಲ್ಲ.

ಇನ್ನು ನಮ್ಮ ಹಳ್ಳಿ ನಾಟಕಗಳ ಮಾತು. ಇವತ್ತು ಊರೂರಲ್ಲಿ ಹೆಣ್ಣುಮಕ್ಕಳು ಬರೆಯುತ್ತಿದ್ದಾರೆ. ಸಂಘದ ಸಭೆಗೆ ಕಿರುನಾಟಕ, ಶಾಲೆ ವಾರ್ಷಿಕೋತ್ಸವಕ್ಕೆ ರೂಪಕ, ನಾಟಕದ ನಡುವಿನ ಹಾಡು, ಮೊಬೈಲ್‌ನಲ್ಲಿ ಓಡುವ ಕಾಮಿಡಿ ವಿಡಿಯೋಗೆ ಸಂಭಾಷಣೆ. ಜೊತೆಗೆ ನಾಟಕ ಮಾಡುವ ಜಾಗದಲ್ಲಿ ಪ್ರೀತಿ ಹುಟ್ಟುವುದು ಸಹಜ. ತಿಂಗಳುಗಟ್ಟಲೆ ರಾತ್ರಿ ತಾಲೀಮು ಮಾಡುವವರ ನಡುವೆ ಮನಸ್ಸು ಕೂಡುತ್ತದೆ. ಅದನ್ನು ತಪ್ಪು ಎನ್ನುವವರು ನಾವಲ್ಲ, ಪ್ರೀತಿ ಮಾಡುವವರ ಪರವೇ ನಾವು. ಆದರೆ ಪ್ರೀತಿಗೂ ಬರಹದ ಒಡೆತನಕ್ಕೂ ಸಂಬಂಧ ಇಲ್ಲ. ಇದನ್ನು ನಾವು ಮಾತ್ರವಲ್ಲ, ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯೇ ಹೇಳುತ್ತದೆ. ಅದರಲ್ಲಿ ಐದು ಮಾತನ್ನು ಪ್ರತಿಯೊಬ್ಬರೂ ತಿಳಿದಿರಬೇಕು.

ಒಂದು, ಬರೆದವರೇ ಮೊದಲ ಮಾಲೀಕರು. ಬರೆದು ಮುಗಿಸಿದ ಕೂಡಲೇ ಹಕ್ಕು ಹುಟ್ಟುತ್ತದೆ. ನೋಂದಣಿ ಕಡ್ಡಾಯ ಅಲ್ಲ. ಮಾಡಿಸಿದರೆ ಮುಂದೆ ಸಾಕ್ಷಿಗೆ ಅನುಕೂಲ, ನಾಟಕವೊಂದಕ್ಕೆ ಶುಲ್ಕ 500 ರೂಪಾಯಿ. ಸಂಬಳಕ್ಕೆ ಇಟ್ಟುಕೊಂಡು ಬರೆಸಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ, ಮಾಲೀಕತ್ವ ಬರೆಸಿದವರಿಗೆ ಹೋಗುತ್ತದೆ. ಹಾಗಾಗಿ ಕೆಲಸಕ್ಕೆ ಸೇರುವಾಗಲೇ ಕೇಳಿಕೊಳ್ಳಿ.

ಎರಡು, ಹಕ್ಕನ್ನು ಬೇರೆಯವರಿಗೆ ಕೊಡಬೇಕಾದರೆ ಬರಹದಲ್ಲಿರಬೇಕು, ಕೊಡುವವರ ಸಹಿ ಇರಬೇಕು. ಇದು 19ನೇ ಸೆಕ್ಷನ್. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ ಐದೇ ವರ್ಷ ಎಂದು ಲೆಕ್ಕ. ಮದುವೆಯಾದರೆ, ಪ್ರೀತಿಸಿದರೆ, ಒಂದೇ ಮನೆಯಲ್ಲಿದ್ದರೆ ಹಕ್ಕು ತಾನಾಗಿ ಗಂಡಿನ ಕೈಗೆ ಹೋಗುತ್ತದೆ ಎಂದು ಆ ಕಾಯಿದೆಯಲ್ಲಿ ಎಲ್ಲೂ ಬರೆದಿಲ್ಲ.

ಮೂರು, ಹಕ್ಕನ್ನು ಮಾರಿದ ಮೇಲೂ "ಇದನ್ನು ಬರೆದವಳು ನಾನು" ಎಂದು ಹೇಳಿಕೊಳ್ಳುವ ಹಕ್ಕು ಬರೆದವರ ಬಳಿಯೇ ಉಳಿಯುತ್ತದೆ. ಇದು 57ನೇ ಸೆಕ್ಷನ್. ದುಡ್ಡು ಕೊಟ್ಟಿದ್ದೇವೆ, ಹೆಸರು ಯಾಕೆ ಎನ್ನುವವರಿಗೆ ಇದನ್ನು ತೋರಿಸಿ.

ನಾಲ್ಕು, ಹವ್ಯಾಸಿ ಸಂಘದವರು ಟಿಕೆಟ್ ಇಲ್ಲದೆ ಆಡಿದರೆ, ಇಲ್ಲವೇ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಆಡಿದರೆ, ಅದು ಹಕ್ಕಿನ ಉಲ್ಲಂಘನೆ ಅಲ್ಲ ಎಂದು 52ನೇ ಸೆಕ್ಷನ್ ಹೇಳುತ್ತದೆ. ಆದ್ದರಿಂದ ಜಾತ್ರೆ ಕಮಿಟಿಯವರು ಹೆದರಬೇಕಿಲ್ಲ. ದುಡ್ಡು ಕೊಡದೆ ಆಡಬಹುದು ಎಂದರೆ ಹೆಸರು ಅಳಿಸಿ ಆಡಬಹುದು ಎಂದಲ್ಲ. ಪುಕ್ಕಟೆ ಸಿಕ್ಕಿದ್ದಕ್ಕೆ ಕೊಟ್ಟವರ ಹೆಸರು ಹೇಳುವುದು ಕನಿಷ್ಠ ಮರ್ಯಾದೆ. ಟಿಕೆಟ್ ಇಟ್ಟು ಲಾಭಕ್ಕೆ ಆಡುವ ಕಂಪನಿಯವರಿಗೆ ಈ ರಿಯಾಯಿತಿ ಇಲ್ಲ. ಅವರು ಒಪ್ಪಿಗೆ ಪಡೆಯಬೇಕು.

ಐದು, ಹಕ್ಕು ಬರೆದವರು ತೀರಿಕೊಂಡ ಮೇಲೂ 60 ವರ್ಷ ವಾರಸುದಾರರಿಗೆ ಇರುತ್ತದೆ. ಇಬ್ಬರು ಸೇರಿ ಬರೆದಿದ್ದರೆ ಕೊನೆಗೆ ತೀರಿಕೊಂಡವರಿಂದ ಎಣಿಕೆ. ಬ್ರೆಕ್ಟ್ ತೀರಿದ್ದು 1956ರಲ್ಲಿ, ಎಲಿಜಬೆತ್ 1973ರಲ್ಲಿ. ಇಂಥ ಲೆಕ್ಕದಲ್ಲಿ ಒಂದು ಹೆಸರು ಸೇರಿದರೆ 17 ವರ್ಷದ ವ್ಯತ್ಯಾಸ. ಹೆಸರು ಎಂದರೆ ಬರೀ ಗೌರವದ ವಿಷಯ ಎಂದುಕೊಂಡವರು ಇದನ್ನು ಗಮನಿಸಬೇಕು. ಹೆಸರು ಹೋದರೆ ಮಕ್ಕಳ ಪಾಲಿನ ಹಕ್ಕೂ ಹೋಗುತ್ತದೆ.

ಬರೆಯುವ ಅಕ್ಕಂದಿರಿಗೆ, ತಂಗಿಯರಿಗೆ ನಮ್ಮದೊಂದು ಮಾತು. ಬರೆದ ಪುಟದ ಕೆಳಗೆ ಹೆಸರು, ತಾರೀಖು ಹಾಕಿ ಫೋಟೋ ತೆಗೆದಿಟ್ಟುಕೊಳ್ಳಿ. ನಿಮಗೇ ಒಂದು ಇಮೇಲ್ ಕಳಿಸಿಕೊಳ್ಳಿ. ತಂಡಕ್ಕೆ ವಾಟ್ಸಾಪ್‌ನಲ್ಲಿ ಕಳಿಸುವಾಗ "ರಚನೆ" ಎಂದು ನಿಮ್ಮ ಹೆಸರು ಹಾಕಿಯೇ ಕಳಿಸಿ. ಪ್ರೀತಿಸಿದವನ ಹತ್ತಿರ ಲೆಕ್ಕ ಕೇಳುವುದು ಚೆನ್ನಾಗಿರಲ್ಲ ಅನ್ನಿಸಬಹುದು. ನಿಜವಾಗಿ ಪ್ರೀತಿಸಿದವನಾದರೆ ಲೆಕ್ಕ ಕೇಳುವ ಮೊದಲೇ ಹೆಸರು ಹಾಕಿರುತ್ತಾನೆ.

ಕಮಿಟಿಯ ಹಿರಿಯರಿಗೂ ಒಂದು ಮಾತು. ಈ ಸಲ ಕರಪತ್ರ ಪ್ರೆಸ್‌ಗೆ ಹೋಗುವ ಮೊದಲು ಶಾಸಕರ ಫೋಟೋ ಸರಿ ಇದೆಯೇ ಎಂದು ನೋಡುತ್ತೀರಲ್ಲ, ಅದರ ಜೊತೆ ನಾಟಕ ಬರೆದವರು ಯಾರು ಎಂದೂ ವಿಚಾರಿಸಿ. ಗಂಡ ಹೆಂಡತಿ ಸೇರಿ ಬರೆದಿದ್ದರೆ ಇಬ್ಬರ ಹೆಸರೂ ಹಾಕಿ, ಒಂದೇ ಅಳತೆಯ ಅಕ್ಷರದಲ್ಲಿ. ಬರೆದವರು ಸಭೆಯಲ್ಲಿದ್ದರೆ ವೇದಿಕೆಗೆ ಕರೆದು ಶಾಲು ಹೊದಿಸಿ. ಗುತ್ತಿಗೆದಾರರಿಗೆ ಹೊದಿಸುವ ಹತ್ತು ಶಾಲಿನಲ್ಲಿ ಒಂದು ಕಡಿಮೆಯಾದರೆ ಜಾತ್ರೆ ನಿಲ್ಲುವುದಿಲ್ಲ.